ನಾಯಿ ಮಲಗುವ ಮುಂಚೆ ಮೂರು ಸುತ್ತು ಸುತ್ತುವುದೇಕೆ?

ಲೋಕ ಆಗಿನ್ನೂ ಹೊಸದು. ನದಿಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಗಾಳಿಗೆ ದಿಕ್ಕು ಗೊತ್ತಿರಲಿಲ್ಲ. ಗುಡ್ಡ ಮಾತ್ರ ಕೂತ ಕಡೆ ಕೂತು, ಇನ್ನು ಏಳುವುದಿಲ್ಲ ಎಂದುಬಿಟ್ಟಿತ್ತು. ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಕುರಿಗೂ ಬರುತ್ತಿತ್ತು, ನಾಯಿಗೂ ಬರುತ್ತಿತ್ತು. ಮಾತು ಬರುತ್ತಿದ್ದ ಮೇಲೆ ಜಗಳವೂ ಬೇಕಾದಷ್ಟಿತ್ತು.

ಆ ಕಾಲದಲ್ಲಿ ಮಾಳವ್ವ ಎಂಬ ಕುರಿ ಕಾಯುವ ಹೆಂಗಸು ಇದ್ದಳು. ಅವಳಿಗೆ ಮನೆ ಅಂತ ಒಂದು ಇರಲಿಲ್ಲ. ಹುಲ್ಲು ಇದ್ದ ಕಡೆ ಕರಿ ಕಂಬಳಿ ಹಾಸುವುದು, ಹುಲ್ಲು ಮುಗಿದರೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡುವುದು. ಜೊತೆಗೆ ಅವಳ ಅತ್ತೆ ಹುಲಿಗೆವ್ವ, ಒಂದು ಹಿಂಡು ಕುರಿ, ಆ ಹಿಂಡಿಗೆ ಯಜಮಾನನಂತಿದ್ದ ಒಂದು ಟಗರು, ಮತ್ತೆ ಬೂದಿ ಎಂಬ ನಾಯಿ. ಸಂಸಾರ ಅಂದರೆ ಇಷ್ಟೇ.

ಒಂದು ದಿನ ಬೂದಿ ನಾಲ್ಕು ಮರಿ ಹಾಕಿತು. ಮರಿಗಳ ಅಪ್ಪ ಗುಡ್ಡದಾಚೆಯ ತೋಳ. ಹೀಗಾಗಿ ಮರಿಗಳು ಬೆರಕೆ. ಕಿವಿ ಅಪ್ಪನದು, ಬಾಲ ಅವ್ವನದು. ಬೊಗಳಲು ಬಾಯಿ ತೆರೆದರೆ ಅರ್ಧಕ್ಕೆ ಊಳು ಬರುತ್ತಿತ್ತು, ಊಳಿಡಲು ಹೋದರೆ ಕೊನೆಗೆ ಬೊಗಳು ಬರುತ್ತಿತ್ತು. ತಾವು ಯಾರು ಅಂತ ಮರಿಗಳಿಗೇ ತಿಳಿಯದೆ ಒಂದರ ಮುಖ ಒಂದು ನೋಡುತ್ತಿದ್ದವು.

ಮರಿಗಳು ಓಡಾಡುವಷ್ಟಾದಾಗ ಮೊದಲು ತಕರಾರು ತೆಗೆದದ್ದು ಟಗರು.

"ಮಾಳವ್ವಾ, ಈ ಮರಿಗಳ ಮೈಯಾಗ ತೋಳನ ವಾಸನಿ ಐತಿ. ನಮ್ಮ ಮಂದಿಗೆ ಮೇಯಾಕ ಮನಸಿಲ್ಲ, ಮಲಗಾಕ ಧೈರ್ಯ ಇಲ್ಲ. ಅವು ಇರಬೇಕು, ಇಲ್ಲಾ ನಾವು ಇರಬೇಕು."

ಹುಲ್ಲು ಇನ್ನು ಮೂರು ದಿನಕ್ಕೆ ಮುಗಿಯುವಂತಿತ್ತು. ಹೊರಡುವುದರೊಳಗೆ ಮರಿಗಳನ್ನು ಯಾರಿಗಾದರೂ ಕೊಡಬೇಕಿತ್ತು.

ಬೂದಿ ಬಂದು ಮಾಳವ್ವನ ಕಾಲ ಬಳಿ ಕೂತಿತು. "ಕೊಡೋದಾದ್ರ ಕೊಡವ್ವಾ. ಆದ್ರ ನನ್ನ ಮಕ್ಕಳು ಕಾಯೋ ಜಾತಿ. ಇಲ್ಲಿ ಕಾಯ್ರಿ ಅಂತ ಒಮ್ಮೆ ಕೂಡಿಸಿದ್ರ ಅಲ್ಲಿಂದ ಏಳಂಗಿಲ್ಲ. ಸಾಕಿದವರು ಬಿಟ್ಟು ಹೋದ್ರ, ಖಾಲಿ ಜಾಗಾನೇ ಕಾಯ್ಕೋಂತ ಕುಂತು ಸಾಯ್ತಾವ. ಬಿಟ್ಟು ಹೋಗದವರ ಕೈಯಾಗ ಕೊಡು."

ಬಿಟ್ಟು ಹೋಗದವರು ಯಾರು? ಮಾಳವ್ವನ ತಲೆ ಚಿಟ್ಟು ಹಿಡಿಯಿತು.

"ಅದಕ್ಯಾಕ ಅಷ್ಟು ಚಿಂತಿ?" ಎಂದಳು ಹುಲಿಗೆವ್ವ. "ಕಂಬಳಿ ಹಾಸು. ಕಂಬಳಿ ಮ್ಯಾಲೆ ನಿಂತು ಕೊಟ್ಟ ಮಾತು ಯಾರೂ ಮುರಿಯಂಗಿಲ್ಲ."

ಅದು ಅವರ ಪದ್ಧತಿ. ಮಾಳವ್ವ ಕಂಬಳಿ ಹಾಸಿ, ಮರಿ ಬೇಕಾದವರು ಬನ್ನಿ ಎಂದು ಕೂಗಿದಳು.

ಎಲ್ಲರಿಗಿಂತ ಮುಂಚೆ ಗಾಳಿ ಬಂತು. ಕಂಬಳಿಯ ಮೇಲೂ ನಿಂತಿತು, ಕೆಳಗೂ ನುಗ್ಗಿತು. "ನಂಗೊಂದು ಮರಿ ಕೊಡು. ನಾ ಯಾವಾಗ್ಲೂ ಇರ್ತೀನಿ. ನಾನಿಲ್ಲದ ಜಾಗ ಯಾವುದೈತಿ ಹೇಳು?"

ಅದೂ ನಿಜವೇ. ಮಾಳವ್ವ ಒಂದು ಮರಿಯನ್ನು ಬಯಲಲ್ಲಿ ಗಾಳಿಯ ಪಕ್ಕ ಕೂಡಿಸಿ ಬಂದಳು. ಮಧ್ಯಾಹ್ನ ಹೋಗಿ ನೋಡಿದರೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಸುಡುವ ಬಯಲಲ್ಲಿ ಮರಿ ಒಂದೇ ಕೂತು, ಯಾರೂ ಇಲ್ಲದ ಜಾಗವನ್ನು ಕಾಯುತ್ತಿತ್ತು. ಗಾಳಿ ದೂರದ ಹುಣಸೆ ಮರದಲ್ಲಿ ಆಡುತ್ತಿತ್ತು.

"ಮರಿ ಬಿಟ್ಟು ಹೋದೆಲ್ಲೋ!" ಎಂದು ಮಾಳವ್ವ ಬೈದಳು.

"ನಾ ಎಲ್ಲಿ ಹೋಗೀನಿ? ಇಲ್ಲೇ ಅದೀನಲ್ಲ," ಎಂದಿತು ಗಾಳಿ. "ಮರಿನೇ ಅಲ್ಲಿ ಉಳೀತು. ಅಲ್ಲವ್ವಾ, ನೀನೂ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಂಗ ಬುದ್ಧಿ ಹೇಳಾಕ ಬಂದೀಯೇನು?"

ಯಾರು ಯಾರನ್ನು ಬಿಟ್ಟು ಹೋದರು? ಮಾಳವ್ವ ಮರಿಯನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡು ಬಂದಳು.

ಮರುದಿನ ನದಿ ಬಂದು ಕಂಬಳಿಯ ಅಂಚು ತೋಯಿಸಿತು. "ಹುಟ್ಟಿದಾಗಿಂದ ನಾ ಈ ದಂಡಿ ಬಿಟ್ಟಾಕಿ ಅಲ್ಲ. ನಂಗ ಕೊಡು."

ಮಾಳವ್ವ ಎರಡನೆಯ ಮರಿಯನ್ನು ದಂಡೆಯ ಮೇಲೆ ಕೂಡಿಸಿದಳು. ಪಾಪ, ಆ ಮರಿಯ ಪಾಡು ಕೇಳಬೇಡಿ. ನೀರು ಹೊರಟಿತು, ನದಿ ಹೊರಟೇ ಹೋಯಿತು ಎಂದು ಅದರ ಹಿಂದೆ ಓಡಿತು. ತಿರುಗಿ ನೋಡಿದರೆ ನದಿ ಅಲ್ಲೇ ಇತ್ತು. ವಾಪಸ್ಸು ಓಡಿಬಂತು. ಮತ್ತೆ ನೀರು ಹೊರಟಿತು. ಹೋದದ್ದೂ ನದಿ, ಇದ್ದದ್ದೂ ನದಿ, ಇದರಲ್ಲಿ ಕಾಯುವುದು ಯಾವುದನ್ನು? ಮಾಳವ್ವ ಬಂದಾಗ ಮರಿ ನಾಲಿಗೆ ಹೊರಗೆ ಹಾಕಿ ಬಿದ್ದುಕೊಂಡಿತ್ತು. ಅವಳೂ ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ಅವಳಿಗೂ ತಲೆ ತಿರುಗಿತು. ಆ ಮರಿಯೂ ಸೆರಗಿಗೆ ಬಂತು.

ಮೂರನೆಯ ದಿನ ಉಳಿದದ್ದು ಗುಡ್ಡ ಒಂದೇ.

"ಗುಡ್ಡಾನ ಕಂಬಳಿ ಮ್ಯಾಲೆ ಹೆಂಗ ನಿಲ್ಲಸ್ತೀ?" ಎಂದು ಹುಲಿಗೆವ್ವ ನಕ್ಕಳು.

"ಅದು ಬರಲಿಲ್ಲಂದ್ರ ಕಂಬಳಿನೇ ಒಯ್ದು ಗುಡ್ಡದ ಮ್ಯಾಲೆ ಹಾಸ್ತೀನಿ, ಅತ್ತೀ," ಎಂದಳು ಮಾಳವ್ವ. ಹಾಗೇ ಮಾಡಿದಳು.

"ನಾ ಕದಲಂಗಿಲ್ಲ," ಎಂದಿತು ಗುಡ್ಡ. ಅಷ್ಟು ಹೇಳಲಿಕ್ಕೇ ಅದಕ್ಕೆ ಅರ್ಧ ದಿನ ಹಿಡಿಯಿತು.

ಇಷ್ಟು ಗಟ್ಟಿ ಮಾತು ಮಾಳವ್ವ ಅಲ್ಲಿಯವರೆಗೆ ಕೇಳಿರಲಿಲ್ಲ. ನಾಲ್ಕೂ ಮರಿಗಳನ್ನು ಗುಡ್ಡದ ಮೇಲಿನ ಒಂದು ಬಂಡೆಯ ನಾಲ್ಕು ಮಗ್ಗುಲಲ್ಲಿ ಕೂಡಿಸಿ, ಕಂಬಳಿ ಕೊಡವಿ, ಹಿಂಡು ಹೊಡೆದುಕೊಂಡು ಹೊರಟಳು. ಟಗರು ಖುಷಿಯಿಂದ ಮುಂದೆ ಮುಂದೆ ನಡೆಯಿತು. ಮಾಳವ್ವನಿಗೆ ಮಾತ್ರ ಏನೋ ಮರೆತು ಬಂದಂತೆ ಆಗುತ್ತಿತ್ತು. ಗಡಿಗೆ ಇತ್ತು, ಕೋಲು ಇತ್ತು, ಕಂಬಳಿ ಇತ್ತು. ಏನು ಮರೆತೆ ಎಂದು ದಾರಿಯುದ್ದಕ್ಕೂ ಹುಡುಕಿದಳು.

ಮರುದಿನ ನಡುದಾರಿಯಲ್ಲಿ ಬೂದಿ ಕೂತುಬಿಟ್ಟಿತು. "ಕಾಲು ಮುಂದಕ್ಕ ಬರವಲ್ವು, ಅವ್ವಾ."

ಮಾಳವ್ವ ಹಿಂಡನ್ನು ಅತ್ತೆಗೆ ಒಪ್ಪಿಸಿ, ಬೂದಿಯ ಜೊತೆ ಬಂದ ದಾರಿಯಲ್ಲೇ ಓಡಿದಳು.

ಮರಿಗಳು ಕೂಡಿಸಿದ ಕಡೆಯೇ ಇದ್ದವು. ಒಂದು ಹೆಜ್ಜೆಯೂ ಆಚೀಚೆ ಆಗಿರಲಿಲ್ಲ. ಮೂಗು ಒಣಗಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎಲ್ಲಕ್ಕಿಂತ ಚಿಕ್ಕದು ಮಗ್ಗುಲಾಗಿ ಬಿದ್ದಿತ್ತು, ಆದರೂ ಕಿವಿ ಮಾತ್ರ ನೆಟ್ಟಗೆ ನಿಲ್ಲಿಸಿ ಕಾಯುತ್ತಿತ್ತು.

"ಗುಡ್ಡಾ! ಇವಕ್ಕ ಹೊಟ್ಟಿಗೆ ಏನು ಹಾಕಿದಿ?"

"ಹೊಟ್ಟಿ ಅಂದ್ರೇನು?" ಎಂದಿತು ಗುಡ್ಡ.

"ಬಿಟ್ಟು ಹೋಗಂಗಿಲ್ಲ ಅಂತ ಮಾತು ಕೊಟ್ಟಿದ್ದೆಲ್ಲ!"

"ಹೋಗಿಲ್ಲಲ್ಲ. ನೋಡು, ಇಲ್ಲೇ ಅದೀನಿ."

ಗುಡ್ಡ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಿಟ್ಟು ಹೋದದ್ದು ಗುಡ್ಡವಲ್ಲ. ಬಿಟ್ಟು ಹೋದದ್ದು ತಾನು. ಅದು ಹೊಳೆದದ್ದೇ ಮಾಳವ್ವ ಬಂಡೆಗೆ ಒರಗಿ ಗೊಳೋ ಎಂದು ಅತ್ತಳು. ಮೂರು ದಿನ ಗಾಳಿ, ನದಿ, ಗುಡ್ಡ ಎಲ್ಲರನ್ನೂ ಕೇಳಿದೆ, ನನ್ನನ್ನೇ ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವಳಿಗೆ ಬಹಳ ನಾಚಿಕೆಯಾಯಿತು.

ಬೂದಿ ಮರಿಗಳಿಗೆ ಹಾಲೂಡಿಸಿತು. ಚಿಕ್ಕದರ ಬಾಯಿಗೆ ಮಾಳವ್ವ ತಾನೇ ಬೂದಿಯ ಹಾಲು ಹಿಂಡಿದಳು. ಅದು ಎರಡು ಗುಟುಕು ನುಂಗಿ ಕಣ್ಣು ಬಿಟ್ಟಿತು.

ಆಮೇಲೆ ಅವಳು ಕಂಬಳಿ ಹಾಸಿದಳು. ಈಗ ಮಾತು ಕೊಡುವ ಸರದಿ ಅವಳದು. ಮರಿಗಳು ಸುತ್ತ ಕೂತು ನೋಡಿದವು.

ಆದರೆ ಏನಂತ ಮಾತು ಕೊಡುವುದು? ಗುಡ್ಡದ ನೆತ್ತಿಯ ಕಡೆ ಮುಖ ಮಾಡಿ, "ಇಲ್ಲೇ ಇರ್ತೀನಿ," ಅನ್ನಲು ಹೋದಳು. ಸುಳ್ಳಾಗುತ್ತದೆ, ಇಲ್ಲಿ ಹುಲ್ಲಿಲ್ಲ. ನದಿಯ ಕಡೆ ತಿರುಗಿದಳು. ಅಲ್ಲಿ ಇರುತ್ತೇನೆ ಎಂದರೂ ಸುಳ್ಳು. ದಾರಿಯ ಕಡೆ ತಿರುಗಿದಳು. ಆ ದಾರಿ ಎಲ್ಲಿ ಮುಗಿಯುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ನನ್ನ ಮನೆ ಯಾವ ದಿಕ್ಕಿಗಿದೆ? ಒಂದು ಸುತ್ತು ತಿರುಗಿದಳು. ಎರಡು ಸುತ್ತು ತಿರುಗಿದಳು. ಮೂರನೆಯ ಸುತ್ತಿಗೆ ಕಣ್ಣು ಕತ್ತಲೆ ಬಂದು ಧೊಪ್ಪನೆ ಕೂತುಬಿಟ್ಟಳು.

"ನಂಗ ಗೊತ್ತಾಗವಲ್ದು," ಎಂದಳು. "ಎಲ್ಲಿ ಅಂತ ಹೇಳಾಕ ಬರಂಗಿಲ್ಲ. ನಾ ಎಲ್ಲಿ ಕುಂತೆನೋ ಅಲ್ಲಿ ನೀವಿರ್ರಿ. ನೀವು ಎಲ್ಲಿ ಮಲಗಿದ್ರೋ ಅಲ್ಲಿ ನಾ ಇರ್ತೀನಿ. ಟಗರು ಏನಾದ್ರೂ ಅನ್ಲಿ."

ಮರಿಗಳು ಇದನ್ನೆಲ್ಲ ಕಣ್ಣರಳಿಸಿ ನೋಡಿದವು. ಮಾತು ಕೊಡುವ ರೀತಿಯೇ ಹೀಗೆ ಎಂದುಕೊಂಡವು. ದೊಡ್ಡದು ಎದ್ದು ಕಂಬಳಿಯ ಮೇಲೆ ಮೂರು ಸುತ್ತು ಸುತ್ತಿ ಅವಳ ಪಕ್ಕ ಮಲಗಿತು. ಎರಡನೆಯದು ಸುತ್ತಿ ಮಲಗಿತು. ಮೂರನೆಯದು ಸುತ್ತಿ ಮಲಗಿತು. ಚಿಕ್ಕದು ನಡುಗುವ ಕಾಲಲ್ಲಿ ಎದ್ದು ಒಂದು ಸುತ್ತು ಹಾಕಿತು, ಎರಡನೆಯದಕ್ಕೆ ಬಿತ್ತು, ಮತ್ತೆ ಎದ್ದಿತು, ಮೂರನೆಯದನ್ನೂ ಮುಗಿಸಿ ಅವಳ ತೊಡೆಯ ಮೇಲೆ ತಲೆ ಇಟ್ಟಿತು.

ಮಾಳವ್ವ ಮರಿಗಳನ್ನು ಅದೇ ಕಂಬಳಿಯಲ್ಲಿ ಸುತ್ತಿಕೊಂಡು ಹಿಂಡಿಗೆ ಮರಳಿದಳು. ಟಗರು ಕೊಂಬು ಬಗ್ಗಿಸಿಕೊಂಡು ಬಂತು. ಮೂಸಿತು. ಇನ್ನೊಮ್ಮೆ ಮೂಸಿತು.

"ಇದೇನಿದು? ತೋಳನ ಮರಿಗೆ ನಮ್ಮ ವಾಸನಿ ಬರ್ತೈತಲ್ಲ!"

"ಬರದೇ ಏನು?" ಎಂದಳು ಹುಲಿಗೆವ್ವ. "ಆ ಕಂಬಳಿ ನಿನ್ನ ಉಣ್ಣೆದೇ ಅಲ್ಲೇನೋ!"

ತನ್ನದೇ ವಾಸನೆ ಇದ್ದವರನ್ನು ಹೊರಗೆ ಹಾಕುವುದು ಹೇಗೆ ಅಂತ ಟಗರಿಗೆ ತೋಚಲಿಲ್ಲ. "ಹಿಂದಿನ ಸಾಲಿನಾಗ ಇರಲಿ," ಎಂದು ಗೊಣಗಿಕೊಂಡು ಮೇಯಲು ಹೋಯಿತು.

ಮರಿಗಳು ಬೆಳೆದವು. ಬೇರೆ ಬೇರೆ ಕುರಿಗಾರರು, ನಮಗೂ ಒಂದು ಕೊಡವ್ವಾ ಎಂದು ಕೇಳಿಕೊಂಡು ಬಂದರು. ಮಾಳವ್ವ ಅವರನ್ನು ಎಲ್ಲಿ ಇರುತ್ತೀರಿ ಎಂದು ಕೇಳಲೇ ಇಲ್ಲ. "ಇಲ್ಲಿಂದ ಹೊಂಟಾಗ ಏನೇನು ಒಯ್ತೀರಿ?" ಎಂದು ಕೇಳಿದಳು. ಕಂಬಳಿ, ಗಡಿಗೆ, ಕೋಲು ಎಂದವರನ್ನು ಅಂಬಲಿ ಕುಡಿಸಿ ಬರಿಗೈಲಿ ಕಳಿಸಿದಳು. ಎಲ್ಲಕ್ಕಿಂತ ಮೊದಲು ಮರಿ ಎಂದವರಿಗೆ ಮರಿ ಕೊಟ್ಟಳು. ಹಾಗೆ, ಮಾಳವ್ವ ಕೊಟ್ಟ ಮಾತನ್ನೇ ಹೊಸ ಒಡೆಯರೂ ಕಂಬಳಿಯ ಮೇಲೆ ಕೊಟ್ಟ ಮೇಲೆ, ಮೂರು ಮರಿಗಳು ಮೂರು ಹಿಂಡಿಗೆ ಹೋದವು. ಚಿಕ್ಕದನ್ನು ಯಾರು ಏನು ಹೇಳಿದರೂ ಕೊಡಲಿಲ್ಲ.

ಕಾಲ ಸರಿಯಿತು, ನಾಯಿಗಳಿಗೆ ಮಾತು ಹೋಯಿತು. ಮಾತು ಕೊಡುವುದು ಮಾತ್ರ ಹೋಗಲಿಲ್ಲ. ನಿಮ್ಮ ಅಂಗಳದಲ್ಲಿ, ಹರಕು ಗೋಣಿಚೀಲದ ಮೇಲೋ ಬರೀ ಸಿಮೆಂಟಿನ ಮೇಲೋ, ನಾಯಿ ಮಲಗುವ ಮುಂಚೆ ಮೂರು ಸುತ್ತು ಸುತ್ತುವುದನ್ನು ಇವತ್ತೂ ನೀವು ನೋಡಬಹುದು. ಸುತ್ತಿ ಮಲಗಿದ ಮೇಲೆ ಅದು ಒಂದು ಕಣ್ಣು ತೆರೆದು ನೋಡುತ್ತದೆ, ನೀವಿನ್ನೂ ಅಲ್ಲೇ ಇದ್ದೀರಾ ಎಂದು.