ಕಣದ ಅಂಚಿನ ಬೂಟು

"ಗುರುಗಳೇ, ನಮ್ಮವರ ಗುಂಡಿಗೆ ನಮ್ಮವರೇ ಬೀಳದಂಥ ಹೆಲ್ಮೆಟ್ ಮಾಡಿದ್ದೇನೆ. ಇನ್ನು ಕೇಡು ಎಲ್ಲಿಂದ ಬರಬೇಕು?"

ಹೀಗೆ ಕೇಳಿದವನು ಮಠದ ಶಿಷ್ಯರಲ್ಲೆಲ್ಲ ಚುರುಕಾದವನು. ಹಳ್ಳಿಯಲ್ಲಿ ಹುಟ್ಟಿ, ಹಳೆಯ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ವಿದ್ಯೆ ಕಲಿತು, ಸ್ವಂತ ಕಾರ್ಖಾನೆ ಕಟ್ಟಿದವನು. ಮಠದ ಕಟ್ಟಳೆಯಂತೆ ಅಂಗಿ ಕಳಚಿ ಜಗಲಿಯ ಗೂಟಕ್ಕೆ ಹಾಕಿ, ಹೆಗಲ ಮೇಲೊಂದು ವಸ್ತ್ರ ಹೊದ್ದು ಒಳಗೆ ಬಂದಿದ್ದ. ತಂದ ಹೆಲ್ಮೆಟ್ಟನ್ನು ಗುರುಗಳ ಮುಂದಿಟ್ಟ.

"ಇದರಲ್ಲಿ ಏನು ಕಾಣುತ್ತದೆ?" ಎಂದರು ಗುರು.

"ಏನು ಕಾಣುವುದಿಲ್ಲ ಅಂತ ಕೇಳಿ! ಮಂಜಿರಲಿ, ಹೊಗೆಯಿರಲಿ, ಗೋಡೆಯೇ ಅಡ್ಡವಿರಲಿ, ಆಚೆ ಇರುವ ಮನುಷ್ಯ ಈ ಗಾಜಿನಲ್ಲಿ ಕಾಣುತ್ತಾನೆ. ನಮ್ಮವನಾದರೆ ಹಸಿರು, ಅಲ್ಲದವನಾದರೆ ಕೆಂಪು. ಪರದೇಶದವರು ಹತ್ತು ಮಾಡುವ ಖರ್ಚಿನಲ್ಲಿ ನಾನು ಸಾವಿರ ಮಾಡಿ ಬಿಸಾಡುತ್ತೇನೆ. ನಾಳೆ ಬೆಳಗ್ಗೆ ಯಂತ್ರ ಶುರು. ಒಂದು ಲಕ್ಷ ಹೆಲ್ಮೆಟ್! ಸೇನೆಯ ದೊಡ್ಡವರೇ ಬಾಯಿ ಬಿಟ್ಟು ನಿಂತರು. ನೀವೊಮ್ಮೆ ಕೈಯಿಟ್ಟು ಹರಸಿದರೆ ಸಾಕು."

ಗುರು ಹೆಲ್ಮೆಟ್ಟಿನ ಮೇಲೆ ಕೈಯಿಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಅವನ ಅಪ್ಪ ನೇಗಿಲ ಕುಳ ತಟ್ಟಿದ ಜಾಗದಲ್ಲೇ ಇವನು ಶೆಡ್ಡು ಹಾಕಿ ಯಂತ್ರಗಳನ್ನು ತಂದಿಟ್ಟಿದ್ದ. ಅವನಿಗೆ ಒಬ್ಬನೇ ತಮ್ಮ, ಈರಭದ್ರ. ತಮ್ಮ ಸೈನ್ಯಕ್ಕೆ ಸೇರಿದ. ಗಡಿಯಲ್ಲಿ ಯುದ್ಧದ ಮಾತೆದ್ದಾಗ ತಾಯಿ ಊಟ ಬಿಟ್ಟಳು.

"ಉಣ್ಣವ್ವಾ," ಎಂದ ಕಮ್ಮಾರ. "ಅವನ ತಲೆಯ ಮೇಲೆ ನನ್ನ ಕೈ ಇರುತ್ತದೆ. ಅವನನ್ನು ನಿನ್ನ ಮುಂದೆ ತಂದು ನಿಲ್ಲಿಸುವ ಜವಾಬ್ದಾರಿ ನನ್ನದು."

ಬಾಯಿಮಾತಿಗೆ ಹೇಳಿದ್ದಲ್ಲ. ಹಿಂದಿನ ಯುದ್ಧದಲ್ಲಿ ಮಂಜು ಮುಸುಕಿದಾಗ ನಮ್ಮವರು ನಮ್ಮವರನ್ನೇ ಹೊಡೆದಿದ್ದರು. ಅದನ್ನು ತಪ್ಪಿಸುವ ಹೆಲ್ಮೆಟ್ ಪರದೇಶದಲ್ಲಿತ್ತು. ಬೆಲೆ ಮಾತ್ರ ಒಂದು ಜೋಡಿ ಎತ್ತಿನದು. ಸೈನ್ಯ ಅದನ್ನು ಅಧಿಕಾರಿಗಳಿಗಷ್ಟೇ ಕೊಳ್ಳುತ್ತಿತ್ತು. ಸಾಲಿನ ಮುಂದೆ ನಡೆಯುವವನಿಗೆ ಬರಿಗಣ್ಣೇ ಗತಿ. ತಮ್ಮ ನಡೆಯುತ್ತಿದ್ದುದು ಸಾಲಿನ ಮುಂದೆ.

ಕಮ್ಮಾರ ಹಟ ಹಿಡಿದ. ಪ್ಲಾಸ್ಟಿಕ್ ಕೊಡ ಒತ್ತುವವನಿಂದ ಚೌಕಟ್ಟು ಒತ್ತಿಸಿದ. ಕನ್ನಡಕದ ಅಂಗಡಿಯವನಿಂದ ಗಾಜು ಉಜ್ಜಿಸಿದ. ಮೋಟಾರು ರಿಪೇರಿಯವರಿಂದ ತಂತಿ ಸುತ್ತಿಸಿದ. ಊರೂರಿನ ಶೆಡ್ಡುಗಳು ಅವನ ಕೆಲಸಕ್ಕೆ ನಿಂತವು. ಬೆಲೆ ಇಳಿಯುತ್ತಾ ಬಂತು. ಒಂದು ಕಡೆ ಮಾತ್ರ ಸಿಕ್ಕಿಕೊಂಡಿತು. ಪ್ರತಿ ಸೈನಿಕನ ಮೈಮೇಲೂ 'ನಾನು ಇಂಥವನು' ಎಂದು ಸಾರುವ ಒಂದು ಬಿಲ್ಲೆ ಇರಬೇಕು. ಬಿಲ್ಲೆಯಿದ್ದವನು ಗಾಜಿನಲ್ಲಿ ಹಸಿರು, ಇಲ್ಲದವನು ಕೆಂಪು. ಆ ಬಿಲ್ಲೆಗೆ ಬ್ಯಾಟರಿ ಬೇಕು. ಅದು ದುಬಾರಿ, ಮೇಲಾಗಿ ಬೇಗ ಸಾಯುತ್ತದೆ.

ಮೂರು ತಿಂಗಳು ತಲೆ ಕೆಡಿಸಿಕೊಂಡ. ಒಂದು ದಿನ ಥಟ್ಟನೆ ಹೊಳೆಯಿತು: ಸೈನಿಕನ ಕೈ ಸುಮ್ಮನಿರಬಹುದು, ಕಾಲು ಸುಮ್ಮನಿರುವುದಿಲ್ಲ. ಬಿಲ್ಲೆಯನ್ನು ಬೂಟಿನ ಹಿಮ್ಮಡಿಯೊಳಗೆ ಕೂರಿಸಿದ. ಹೆಜ್ಜೆ ಒತ್ತಿದಂತೆಲ್ಲ ಅದಕ್ಕೆ ವಿದ್ಯುತ್ತು ಹುಟ್ಟಿತು. ನಿಂತವನ ಹೆಸರು ಆರಿಹೋಗದಂತೆ ಆ ವಿದ್ಯುತ್ತು ತುಸುಹೊತ್ತು ಉಳಿಯುವ ಏರ್ಪಾಟನ್ನೂ ಮಾಡಿದ. ಬ್ಯಾಟರಿಯ ಕಾಟ ಹೋಯಿತು. ಎತ್ತಿನ ಜೋಡಿಯ ಬೆಲೆಯ ಹೆಲ್ಮೆಟ್ ಒಂದು ಕುರಿಯ ಬೆಲೆಗೆ ಬಂದು ನಿಂತಿತು.

ಕವಾಯತಿನ ಮೈದಾನದಲ್ಲಿ ಹೊಗೆ ಎಬ್ಬಿಸಿ ಪರೀಕ್ಷೆ ಮಾಡಿದರು. ಹೊಗೆಯೊಳಗಿದ್ದ ಒಬ್ಬೊಬ್ಬನೂ ಗಾಜಿನಲ್ಲಿ ಹಸಿರಾಗಿ ಮೂಡಿದ. ಪಕ್ಕದಲ್ಲಿ ಅವನ ಹೆಸರು. ಸೇನಾಧಿಕಾರಿ ಹೆಲ್ಮೆಟ್ ತೆಗೆದ, ಹಾಕಿದ, ಮತ್ತೆ ತೆಗೆದ.

"ಏನಯ್ಯಾ ಇದು! ಕುರಿಯ ಬೆಲೆಗೆ ದೇವರ ಕಣ್ಣು ಮಾರ್ತೀಯಾ?"

"ದೇವರು ಮನಸ್ಸು ಬಂದಾಗ ಕಣ್ಣು ಬಿಡ್ತಾನೆ ಸಾಹೇಬರೇ. ನನ್ನದು ಹೇಳಿದಾಗ ಬಿಡುತ್ತೆ," ಎಂದ ಕಮ್ಮಾರ.

ಆರು ತಿಂಗಳಲ್ಲಿ ಸೈನಿಕನೆಂಬ ಸೈನಿಕನ ತಲೆಗೆಲ್ಲ ಹೆಲ್ಮೆಟ್ ಬಂತು. ಮೊದಲೆಲ್ಲ ಆಕಾರವೊಂದು ಕಂಡರೆ "ಯಾರದು?" ಎಂದು ಕೂಗಿ, ಉತ್ತರಕ್ಕೆ ಕಾಯುವ ಪದ್ಧತಿಯಿತ್ತು. ಕೂಗಿದವನ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಹೆಸರು ಕಣ್ಣೆದುರೇ ಬರೆದಿರುವಾಗ ಕೂಗುವುದು ಏಕೆ? ಆ ಪದ್ಧತಿಯನ್ನು ನಿಲ್ಲಿಸಿದರು.

ಯುದ್ಧ ಬಂತು. ತಮ್ಮನೂ ಅವನ ಗೆಳೆಯನೂ ಗಡಿಯ ಒಂದು ಹಳ್ಳಿಗೆ ಹೋದರು. ಜನ ಒಕ್ಕಣೆಯನ್ನು ಅರ್ಧಕ್ಕೇ ಬಿಟ್ಟು ಓಡಿಹೋಗಿದ್ದರು. ಎಲ್ಲೋ ಬಣವೆಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ. ಗೆಳೆಯ ಗೋಡೆಯೊಂದರ ಮರೆಯಲ್ಲಿ ಬಂದೂಕು ಹಿಡಿದು ಕಾವಲು ಕುಳಿತ. ಕಣದಾಚೆಯ ಗುಡಿಸಲಿನಲ್ಲಿ ಶತ್ರು ಇದ್ದಾನೆಯೇ ಎಂದು ನೋಡಿಬರಲು ತಮ್ಮ ಹೊರಟ.

ಕಣದ ನಡುವೆ ಜೋಳದ ರಾಶಿ. ಸುತ್ತ ಬೂದಿಯ ಗೆರೆ. ಗುಡಿಸಲಿಗೆ ಹೋಗಲು ಕಣವನ್ನು ದಾಟಲೇಬೇಕು. ತಮ್ಮ ಅಂಚಿನಲ್ಲಿ ನಿಂತ. ಯಾರೂ ಅವನಿಗೆ ಏನೂ ಹೇಳಲಿಲ್ಲ. ಮೈ ತಾನಾಗಿ ಬಗ್ಗಿತು. ಲೇಸು ಬಿಚ್ಚಿ, ಬೂಟುಗಳನ್ನು ಜೋಡಿಯಾಗಿ ಇಟ್ಟು, ರಾಶಿಯ ಬದಿಯಿಂದ ಬರಿಗಾಲಲ್ಲಿ ನಡೆದು ಹೋದ. ಗುಡಿಸಲು ಖಾಲಿಯಿತ್ತು. ಬೂಟಿನ ಕಡೆಗೆ ತಿರುಗಿ ಬರತೊಡಗಿದ.

ಗೆಳೆಯ ಹೆಲ್ಮೆಟ್ಟಿನಲ್ಲಿ ನೋಡಿದ. ಕಣದ ಅಂಚಿನಲ್ಲಿ ಹಸಿರು. ಪಕ್ಕದಲ್ಲಿ ತಮ್ಮನ ಹೆಸರು. ಅದು ಅಲುಗದೆ ನಿಂತಿದೆ. ಗುಡಿಸಲಿನ ಕಡೆಯಿಂದ ಒಂದು ಕೆಂಪು ನೆಟ್ಟಗೆ ಅದರತ್ತಲೇ ನಡೆದು ಬರುತ್ತಿದೆ.

ಗೆಳೆಯ ಗುರಿ ಹಿಡಿದ. ಗುಂಡು ಹಾರಿಸಿದ. ಒಂದೇ ಗುಂಡು. ಕೆಂಪು ನೆಲಕ್ಕೆ ಬಿತ್ತು.

"ಬದುಕಿದೆ ಕಣೋ ಈರಭದ್ರಾ!" ಎಂದು ಕೂಗುತ್ತಾ ಓಡಿದ. "ಊರಿಗೆ ಹೋದಮೇಲೆ ನನಗೊಂದು ಕುರಿ ಕಡಿಸಬೇಕು ನೀನು!"

ಹಸಿರಿದ್ದ ಜಾಗಕ್ಕೆ ಬಂದು ನಿಂತ. ಅಲ್ಲಿ ಒಂದು ಜೊತೆ ಬೂಟು ಇತ್ತು. ಗಾಜಿನಲ್ಲಿ ಬೂಟಿನ ಮೇಲೆ ಈರಭದ್ರನ ಹೆಸರು ಇನ್ನೂ ಹಸಿರಾಗಿ ಉರಿಯುತ್ತಿತ್ತು.

ಆ ಬೂಟುಗಳನ್ನು ಎತ್ತಿಕೊಂಡು ಅವನು ಕಮ್ಮಾರನ ಶೆಡ್ಡಿಗೆ ಬಂದ. ನಡೆದದ್ದನ್ನು ಹೇಳಿದ. ಕಮ್ಮಾರ ಅವನ ಕೊರಳಪಟ್ಟಿ ಹಿಡಿದ.

"ಸುಳ್ಳು! ನನ್ನ ಹೆಲ್ಮೆಟ್ ತಪ್ಪು ತೋರಿಸೋದಿಲ್ಲ."

"ತಪ್ಪು ತೋರಿಸಲಿಲ್ಲ ಅಣ್ಣಾ. ಬೂಟು ಎಲ್ಲಿತ್ತೋ ಅಲ್ಲೇ ತೋರಿಸಿತು."

"ಯುದ್ಧದ ನಡುವೆ ಯಾವ ಹುಚ್ಚ ಬೂಟು ಬಿಚ್ಚುತ್ತಾನೋ?"

"ಕಣದಲ್ಲಿ ರಾಶಿ ಇತ್ತು, ಅಣ್ಣಾ."

ಕಮ್ಮಾರನ ಕೈ ಸಡಿಲವಾಯಿತು. ರಾಶಿಯಿರುವ ಕಣಕ್ಕೆ ಮೆಟ್ಟು ಹಾಕಿ ಕಾಲಿಡಬಾರದು. ಚಿಕ್ಕವನಿದ್ದಾಗ ತಮ್ಮ ಒಮ್ಮೆ ಹಾಗೆ ಕಾಲಿಟ್ಟಿದ್ದ. ಕಪಾಳಕ್ಕೆ ಹೊಡೆದು ಕಲಿಸಿದವನು ಇದೇ ಅಣ್ಣ. ಹೊಡೆತ ತಿಂದವನು ಸಾಯುವ ತನಕ ಮರೆತಿರಲಿಲ್ಲ. ಹೊಡೆದವನು ಮರೆತಿದ್ದ.

ಒಳಗಿನಿಂದ ತಾಯಿ ಕೂಗಿದಳು: "ಯಾರಪ್ಪಾ ಅದು, ಬಂದದ್ದು?"



ಗುರು ಕತೆ ನಿಲ್ಲಿಸಿದರು. ಶಿಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡ.

"ಘೋರ, ಗುರುಗಳೇ. ಕೇಳಿ ಮೈ ನಡುಗಿತು. ಆದರೆ ಆ ಪುಣ್ಯಾತ್ಮ ಬಿಲ್ಲೆಯನ್ನು ಬೂಟಿನಲ್ಲಿಟ್ಟ, ಅದೇ ಅವನು ಮಾಡಿದ ಎಡವಟ್ಟು. ನಾನು ಅಂಥ ಹೆಡ್ಡನಲ್ಲ. ನನ್ನ ಬಿಲ್ಲೆಯನ್ನು ಅಂಗಿಯ ಎದೆಗೇ ಹೊಲಿದಿದ್ದೇನೆ. ಬೂಟು ಬಿಚ್ಚಲಿ, ಟೋಪಿ ತೆಗೆಯಲಿ, ಏನಾಗುತ್ತದೆ? ಮೂರು ತಿಂಗಳಿಂದ ನಾನೇ ಆ ಅಂಗಿ ತೊಟ್ಟು ಓಡಾಡುತ್ತಿದ್ದೇನೆ, ಒಂದು ಸಲವೂ ತಪ್ಪಿಲ್ಲ. ನಂಬಿಕೆಯಿಲ್ಲದಿದ್ದರೆ ಈ ಹೆಲ್ಮೆಟ್ಟನ್ನು ನೀವೇ ಹಾಕಿಕೊಂಡು ನೋಡಿ!"

ಗುರು ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡರು. ಗಾಜನ್ನು ಕಣ್ಣಿಗೆ ಇಳಿಸಿದರು. ಮೊದಲು ಬಾಗಿಲಿನ ಕಡೆ ನೋಡಿದರು. ಆಮೇಲೆ ಎದುರಿಗೆ ನಿಂತ ಶಿಷ್ಯನನ್ನು ನೋಡಿದರು.

"ಹೇಗಿದೆ ಗುರುಗಳೇ? ಏನು ಕಾಣುತ್ತಿದೆ?" ಎಂದ ಶಿಷ್ಯ, ಎದೆಯುಬ್ಬಿಸಿ.

ಗುರು ಹೇಳಿದರು: "ಜಗಲಿಯ ಗೂಟದಲ್ಲಿ ನಮ್ಮವನೊಬ್ಬ ನೇತಾಡುತ್ತಿದ್ದಾನೆ, ಮಗು, ನೀನು ಯಾರು?"