ಚಪ್ಪರದ ದಕ್ಷಿಣ ಮೂಲೆ

“ಮೇಡಂ, ಉಪಗ್ರಹ ಒಂದು ಹೇಳ್ತಿದೆ, ನಮ್ಮ ಲೆಕ್ಕ ಇನ್ನೊಂದು ಹೇಳ್ತಿದೆ. ಯಾವುದನ್ನ ನಂಬ್ಲಿ?”

ಕೇಳಿದವನು ಇಂದುಧರ. ಸರ್ವಮಂಗಳ ಮೇಡಂ ಹತ್ರ ಮೂರು ವರ್ಷದಿಂದ ಸಂಶೋಧನೆ ಮಾಡ್ತಿದ್ದ. ಅವರ ಕೆಲಸ ಮೋಡಗಳಿಗಿಂತ ಮೇಲಿರೋ ಗಾಳಿಯ ಪದರದ ಬಗ್ಗೆ. ಅಲ್ಲಿ ಓಝೋನ್ ಅನ್ನೋ ಅನಿಲ ಇದೆ. ಸುಡೋ ಬಿಸಿಲನ್ನ ಅದು ತಡೆಯುತ್ತೆ. ಅದು ಅಲ್ಲೇ ಹುಟ್ತಾನೂ ಇರುತ್ತೆ, ಅಲ್ಲೇ ನಾಶ ಆಗ್ತಾನೂ ಇರುತ್ತೆ. ಎಲ್ಲಿ ಎಷ್ಟಿದೆ ಅಂತ ಉಪಗ್ರಹ ನೋಡಿ ಹೇಳುತ್ತೆ. ಆದ್ರೆ ಒಂದು ಸುತ್ತಿಗೆ ಅದಕ್ಕೆ ಕಾಣೋದು ಒಂದು ಸಣ್ಣ ಪಟ್ಟಿ ಮಾತ್ರ. ಕಾಣದ ಜಾಗಕ್ಕೆ ಕಂಪ್ಯೂಟರಲ್ಲಿ ಬರೆದ ಒಂದು ಮಾದರಿ ಬೇಕು. ಗಾಳಿ ಎತ್ತ ಬೀಸುತ್ತೆ, ಯಾವ ಅನಿಲ ಯಾವುದರ ಜತೆ ಸೇರಿದ್ರೆ ಏನಾಗುತ್ತೆ ಅಂತ ಅದು ಲೆಕ್ಕ ಹಾಕುತ್ತೆ. ನೋಡಿದ್ದನ್ನೂ ಲೆಕ್ಕ ಹಾಕಿದ್ದನ್ನೂ ಸೇರಿಸಿದ್ರೆ ಇಡೀ ಆಕಾಶದ ನಕ್ಷೆ ಸಿಗುತ್ತೆ. ಆ ಮಾದರಿನ ಇಂದುಧರನೇ ಬರೆದಿದ್ದ.

“ಎಷ್ಟು ಕಡೆ ಹೊಂದ್ತಿಲ್ಲ?” ಅಂತ ಮೇಡಂ ಕೇಳಿದ್ರು.

“ಲಕ್ಷಗಟ್ಟಲೆ ಅಳತೇಲಿ ಬರೀ ನಲವತ್ತೊಂದು. ಎಲ್ಲಾ ದಕ್ಷಿಣ ಧ್ರುವದ ಹತ್ರ, ಒಂದೇ ವಾರದ್ದು. ನನ್ನ ಲೆಕ್ಕ ಹೇಳೋ ಓಝೋನಲ್ಲಿ ಮೂರನೇ ಒಂದು ಪಾಲೂ ಉಪಗ್ರಹಕ್ಕೆ ಕಂಡಿಲ್ಲ. ಉಪಕರಣದ್ದೇ ತಪ್ಪು ಇರ್ಬೇಕು. ಲೆಕ್ಕದಿಂದ ತುಂಬಾ ದೂರ ಹೋದ ಅಳತೇನ ಕೈಬಿಡು ಅಂತ ಒಂದು ಸಾಲು ಸೇರಿಸಿದ್ದೀನಿ. ಆಮೇಲೆ ನಕ್ಷೆ ಎಷ್ಟು ಚೆನ್ನಾಗಿ ಬಂತು ನೋಡಿ.”

“ಆ ಸಾಲು ತೆಗೆದ್ರೆ?”

“ಮಾದರೀನೇ ಮೊದಲಿಂದ ನೋಡ್ಬೇಕಾಗುತ್ತೆ ಮೇಡಂ. ಏನಿಲ್ಲಾ ಅಂದ್ರೂ ಇನ್ನೊಂದು ವರ್ಷ. ಪ್ರಬಂಧ ಕೊಡೋಕೆ ಈ ತಿಂಗಳೇ ಕೊನೆ. ಮನೇಲಿ ಆಗ್ಲೇ ‘ಡಾಕ್ಟ್ರು ಬಂದ್ರು, ತಟ್ಟೆ ಹಾಕಿ’ ಅನ್ನೋಕೆ ಶುರು ಮಾಡಿದ್ದಾರೆ.”

ಮೇಡಂ ನಕ್ರು. ನಕ್ಷೆನ ತುಂಬಾ ಹೊತ್ತು ನೋಡಿದ್ರು. ಅದು ನಿಜವಾಗ್ಲೂ ಚೆನ್ನಾಗಿತ್ತು. “ಕೂತ್ಕೋ” ಅಂದ್ರು. ಆಮೇಲೆ ಈ ಕತೆ ಹೇಳಿದ್ರು.

ಒಬ್ಬ ತೋಟಗಾರ ಇದ್ದ. ಅವನದ್ದು ವೀಳ್ಯದೆಲೆ ತೋಟ. ವೀಳ್ಯದ ಬಳ್ಳಿಗೆ ನೇರ ಬಿಸಿಲು ಆಗಲ್ಲ. ಅದಕ್ಕೆ ಇಡೀ ತೋಟದ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದ್ದ. ಒಂದರ ಮೇಲೊಂದು ಐದಾರು ಗರಿ ಇದ್ರೆ ನೆರಳು ಸರಿ. ಮೂರಕ್ಕಿಂತ ಕಡಿಮೆ ಆದ್ರೆ ಚಿಗುರು ಸುಟ್ಟು ಹೋಗುತ್ತೆ.

ವರ್ಷಕ್ಕೊಂದು ಸಲ, ಚಳಿಗಾಲದಲ್ಲಿ, ಎತ್ತರಕ್ಕೆ ಹಬ್ಬಿದ ಬಳ್ಳಿಗಳನ್ನ ಕೆಳಗಿಳಿಸಿ, ಸುರುಳಿ ಸುತ್ತಿ, ಬುಡಕ್ಕೆ ಮಣ್ಣು ಮುಚ್ತಿದ್ರು. ತುದಿ ಮತ್ತೆ ಚಿಗುರಿ ಗಟ್ಟಿಯಾಗೋವರೆಗೆ, ಅಂದ್ರೆ ಎರಡು ತಿಂಗಳು, ತೋಟದೊಳಗೆ ಯಾರೂ ಕಾಲಿಡಬಾರದು. ಚಪ್ಪಲಿ ಬಿಟ್ಟು ಬರ್ತೀನಿ ಅಂದ್ರೂ ಬಿಡ್ತಿರ್ಲಿಲ್ಲ. ಅದು ಅಲ್ಲಿಯ ಪದ್ಧತಿ. ಸುತ್ತಲೂ ಗರಿಯದ್ದೇ ಎತ್ತರದ ತಡಿಕೆ ಇತ್ತು, ಹೊರಗಿಂದ ಇಣುಕಿದ್ರೂ ಒಳಗೇನೂ ಕಾಣ್ತಿರ್ಲಿಲ್ಲ.

ಆದ್ರೆ ಆ ಎರಡು ತಿಂಗಳೂ ಚಪ್ಪರ ಸುಮ್ಮನಿರುತ್ತಾ? ಗಾಳಿ ಗರಿ ಹಾರಿಸುತ್ತೆ. ಬಿಸಿಲಿಗೆ ಒಣಗಿ ಉದುರುತ್ತೆ. ತೋಟಗಾರನಿಗೆ ದಿನಕ್ಕೆ ಒಂದು ಗಾಡಿ ಹೊಸ ಗರಿ ಸಿಗ್ತಿತ್ತು. ಅದನ್ನ ಹೊರಗಡೆ ಬದುವಿನ ಮೇಲೆ ನಿಂತು ಉದ್ದ ಗಳದಿಂದ ಮೇಲೇರಿಸ್ತಿದ್ರು. ಎಲ್ಲಿ ಏರಿಸ್ಬೇಕು ಅನ್ನೋದೇ ಪ್ರಶ್ನೆ.

ಅದಕ್ಕೆ ಅವನು ಇಬ್ಬರನ್ನ ಇಟ್ಕೊಂಡಿದ್ದ. ಒಬ್ಬ ಮರ ಹತ್ತೋನು. ತೋಟದ ಸುತ್ತ ಹತ್ತು ತೆಂಗಿನ ಮರ. ಅವನು ದಿನಕ್ಕೊಂದು ಮರ ಹತ್ತಿ, ಅಲ್ಲಿಂದ ಕಾಣೋ ಚಪ್ಪರದ ಪಟ್ಟಿ ನೋಡಿ, ಎಷ್ಟು ಗರಿ ಉಳಿದಿದೆ ಅಂತ ಹೇಳ್ತಿದ್ದ. ಅದೇ ಮರಕ್ಕೆ ಮತ್ತೆ ಬರೋದು ಹತ್ತು ದಿನ ಆದ್ಮೇಲೆ.

ಇನ್ನೊಬ್ಬಳು ಲೆಕ್ಕದವಳು. ಅವಳು ಮರ ಹತ್ತಿದವಳಲ್ಲ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಹಾಗೆ ಮನೆ ಹಾಕಿ, ಒಂದೊಂದು ಮನೇಲೂ ಅಲ್ಲಿರೋ ಗರಿಯ ಸಂಖ್ಯೆ ಬರೀತಿದ್ದಳು. ನೆನ್ನೆ ಎಷ್ಟಿತ್ತು, ರಾತ್ರಿ ಗಾಳಿ ಯಾವ ಕಡೆಯಿಂದ ಬಂತು, ಬಿಸಿಲು ಎಷ್ಟಿತ್ತು, ಇಷ್ಟರ ಮೇಲೆ ಇವತ್ತು ಎಷ್ಟಿರ್ಬೇಕು ಅಂತ ಕಟ್ಟೋಳು. ಸಾಮಾನ್ಯವಾಗಿ ತಪ್ಪು ಆಗ್ತಿರ್ಲಿಲ್ಲ.

ಹತ್ತೋನು ಬಂದು ‘ನಾಲ್ಕು’ ಅಂದಾಗ ಅವಳ ಮನೇಲಿ ಆರು ಇದ್ರೆ, ಅವಳು ಆರನ್ನ ಅಳಿಸಿ ನಾಲ್ಕು ಬರೀತಿರ್ಲಿಲ್ಲ. ಐದು ಅಂತ ಬರೆಯೋಳು. ಪಕ್ಕದ ಮನೆಗಳನ್ನೂ ಒಂಚೂರು ತಿದ್ದೋಳು. ಯಾಕಂದ್ರೆ ಗಾಳಿ ಒಂದೇ ಮನೆ ನೋಡ್ಕೊಂಡು ಬೀಸಲ್ಲ. ಹೀಗೆ ಅವನ ಕಣ್ಣು, ಅವಳ ಲೆಕ್ಕ ಎರಡೂ ಸೇರಿ, ಯಾರೂ ಕಾಲಿಡದ ತೋಟದ ಚಪ್ಪರ ಜಗಲಿ ಮೇಲೆ ಕಾಣ್ತಿತ್ತು.

ಅವಳಿಗೆ ಒಂದು ನಿಯಮ ಇತ್ತು. ಹಿಂದಿನ ವರ್ಷ ಒಂದು ದಿನ ಮಂಜಲ್ಲಿ ಹತ್ತೋನು ತಪ್ಪಾಗಿ ಎಣಿಸಿದ್ದ. ಐದು ಗರಿ ಇದ್ದ ಕಡೆ ಒಂದು ಅಂದಿದ್ದ. ಆವತ್ತಿನ ಗಾಡಿ ಪೂರ್ತಿ ಅಲ್ಲಿಗೆ ಹೋಯ್ತು. ನಿಜವಾಗಿ ಬೇಕಿದ್ದ ಕಡೆ ಚಿಗುರು ಬಾಡಿತು. ಅವತ್ತಿಂದ, ಅವನು ಹೇಳೋದಕ್ಕೂ ತನ್ನ ಲೆಕ್ಕಕ್ಕೂ ಮೂರು ಗರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಅದನ್ನ ಅವಳು ಬರ್ಕೊಳ್ತಿರ್ಲಿಲ್ಲ.

“ಸರಿಯಾದ ನಿಯಮ ಅಲ್ವಾ ಮೇಡಂ?” ಅಂದ ಇಂದುಧರ.

“ಒಂದು ವರ್ಷದ ಮಟ್ಟಿಗೆ ಸರಿಯಾಗೇ ಇತ್ತು” ಅಂದ್ರು ಮೇಡಂ. ಮುಂದುವರಿಸಿದ್ರು.

ತೋಟದ ದಕ್ಷಿಣ ಮೂಲೇಲಿ ಬೀಜದ ಬಳ್ಳಿ ಇತ್ತು. ಇಡೀ ತೋಟಕ್ಕೆ ತುಂಡು ಕತ್ತರಿಸೋದು ಆ ಬಳ್ಳಿಗಳಿಂದಲೇ. ತೋಟಗಾರನ ಅಜ್ಜಿ ನೆಟ್ಟಿದ್ದು. ಆ ಎಲೆ ಬೇರೆಲ್ಲೂ ಸಿಗ್ತಿರ್ಲಿಲ್ಲ. ಅದರ ಪಕ್ಕದಲ್ಲೇ ಕಡಿದಾದ ಗುಡ್ಡ. ಚಳಿಗಾಲದಲ್ಲಿ ಸೂರ್ಯ ಆ ಗುಡ್ಡದ ಹಿಂದೆಯೇ ಹಾದು ಹೋಗ್ತಿದ್ದ. ಮೂವತ್ತು ನಲವತ್ತು ದಿನ ಆ ಮೂಲೆಗೆ ಬಿಸಿಲೇ ಇಲ್ಲ.

ಲೆಕ್ಕದವಳು ಯೋಚಿಸಿದಳು: ಬಿಸಿಲಿಲ್ಲ, ಗರಿ ಒಣಗಲ್ಲ. ಗುಡ್ಡ ಅಡ್ಡ ಇದೆ, ಗಾಳಿ ಹಾರಿಸಲ್ಲ. ತೋಟದಲ್ಲೆಲ್ಲಾ ಭದ್ರವಾಗಿರೋ ಚಪ್ಪರ ಅಂದ್ರೆ ಅದೇ. ಆರು ಅಂತ ಬರೆದಳು. ಹತ್ತೋನು ಮೊದಲ ಮೂರು ಸಲ ಆ ಮರ ಹತ್ತಿದಾಗ್ಲೂ ಆರೇ ಅಂದ.

ನಾಲ್ಕನೇ ಸಲ ಅವನು ಹತ್ತೋ ಹೊತ್ತಿಗೆ ಗುಡ್ಡದ ಈಚೆ ಬಿಸಿಲು ಬಂದು ಎಂಟು ದಿನ ಆಗಿತ್ತು. ಇಳಿದು ಬಂದು ‘ಎರಡು’ ಅಂದ.

ಲೆಕ್ಕದವಳು ತಲೆ ಎತ್ತಿದಳು. “ಏನಪ್ಪಾ, ಮೇಲಿದ್ದ ಹೆಂಡದ ಮಡಕೆ ಅಲ್ಲೇ ಖಾಲಿ ಮಾಡಿ ಇಳಿದ್ಯಾ?”

“ಇಲ್ಲ ಅಕ್ಕ, ಆ ಮರದಲ್ಲಿ ಮಡಕೇನೇ ಕಟ್ಟಿಲ್ಲ. ಎರಡೇ ಇರೋದು.”

“ಹತ್ತು ದಿನದ ಹಿಂದೆ ಆರಿತ್ತು. ಗಾಳಿ ಇಲ್ಲ, ಮಳೆ ಇಲ್ಲ. ನಾಲ್ಕು ಗರಿ ಕಾಲು ಬಂದು ಎದ್ದು ಹೋದ್ವಾ?”

ಸುತ್ತ ಇದ್ದೋರು ನಕ್ರು. ಅವನೂ ನಕ್ಕ. ಅವಳು ಬರ್ಕೊಳ್ಳಲಿಲ್ಲ. ಗಾಡಿ ಬೇರೆ ಕಡೆ ಹೋಯ್ತು.

ಐದನೇ ಸಲ ಅವನು ‘ಒಂದು’ ಅಂದ. ಈ ಸಲ ಅವಳು ನಗಲಿಲ್ಲ. ತೋಟಗಾರನನ್ನ ಕರೆದಳು. ತೋಟಗಾರ ಒಳ್ಳೆಯವನೇ. ಆದ್ರೆ ಅವಳ ಲೆಕ್ಕವನ್ನ ಹನ್ನೆರಡು ವರ್ಷ ನೋಡಿದ್ದ. ಹತ್ತೋನಿಗೆ ಹೇಳಿದ: “ನಿನ್ನ ಕಣ್ಣು ಮಂಜಾಗಿದ್ರೆ ಹೇಳ್ಬಿಡು ಮಾರಾಯ. ಹತ್ತೋರು ಇನ್ನೂ ಇದ್ದಾರೆ.”

ಆಮೇಲೆ ಹತ್ತೋನು ಒಂದು ಹೊಸ ರೂಢಿ ಮಾಡ್ಕೊಂಡ. ಮರ ಹತ್ತೋ ಮುಂಚೆ ಜಗಲಿ ಹತ್ರ ಬಂದು ನಿಲ್ಲೋನು.

“ಅಕ್ಕ, ಇವತ್ತು ಆ ಮೂಲೇಲಿ ಎಷ್ಟಿರ್ಬೇಕು?”

“ಆರು.”

ಹತ್ತಿ, ಇಳಿದು, ‘ಐದು’ ಅಂದ. ಅವಳಿಗೆ ಸಂತೋಷ ಆಯ್ತು. “ನೋಡು, ನಿಧಾನವಾಗಿ ನೋಡಿದ್ರೆ ಕಾಣುತ್ತೆ” ಅಂದು ಬರ್ಕೊಂಡಳು. ಮಾರನೇ ದಿನ ಪಕ್ಕದ ಮರದಲ್ಲೂ ಅವನು ಕೇಳಿಯೇ ಹತ್ತಿದ. ಆಮೇಲಿಂದ ಜಗಲಿ ಮೇಲೆ ಒಂದು ಮನೆಯನ್ನೂ ತಿದ್ದೋ ಹಾಗೆ ಇರ್ಲಿಲ್ಲ. ಲೆಕ್ಕ ಇಷ್ಟು ಚೆನ್ನಾಗಿ ಹೊಂದಿದ್ದು ಇದೇ ಮೊದಲು ಅಂತ ತೋಟಗಾರ ಇಬ್ಬರಿಗೂ ಹೊಸ ಬಟ್ಟೆ ಕೊಟ್ಟ.

ಎರಡು ತಿಂಗಳು ಮುಗೀತು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದ್ರು. ಮೊದಲ ಸಾಲುಗಳಲ್ಲಿ ಚಿಗುರು ಚೆನ್ನಾಗಿ ಬಂದಿತ್ತು. ತೋಟಗಾರ ಬೇಗ ಬೇಗ ದಕ್ಷಿಣದ ಕಡೆ ನಡೆದ. ಅಲ್ಲಿ ನೆಲದ ಮೇಲೆಲ್ಲಾ ಬಿಸಿಲು. ಬೀಜದ ಬಳ್ಳಿ ಹಗ್ಗದ ಹಾಗೆ ಒಣಗಿತ್ತು. ಅವನು ಬಗ್ಗಿ ಒಂದು ಬುಡದ ಮಣ್ಣು ಬಿಡಿಸಿ ನೋಡಿದ. ಇನ್ನೊಂದು ನೋಡಿದ. ಆಮೇಲೆ ನೋಡೋದು ಬಿಟ್ಟ.

ಲೆಕ್ಕದವಳು ಕೆಳಗೆ ಬಿದ್ದಿದ್ದ ಒಂದು ಗರಿ ಎತ್ಕೊಂಡಳು. ಕಡ್ಡಿ ಮಾತ್ರ ಉಳಿದಿತ್ತು. ಕಡ್ಡಿ ತುಂಬಾ ಸಣ್ಣ ಹುಳು. ನೆರಳಲ್ಲಿ ನಲವತ್ತು ದಿನ ಇಬ್ಬನಿ ಆರದೆ ಗರಿ ನೆಂದು, ಅದರಲ್ಲಿ ಹುಳು ಮೊಟ್ಟೆ ಇಟ್ಟಿತ್ತು. ಚಳೀಲಿ ಅದು ಅಲ್ಲಾಡಲಿಲ್ಲ. ಬಿಸಿಲು ತಾಗಿದ ದಿನ ಒಟ್ಟಿಗೆ ಎದ್ದು ತಿನ್ನೋಕೆ ಶುರು ಮಾಡಿತ್ತು. ಅವಳ ಲೆಕ್ಕದಲ್ಲಿ ಗಾಳಿ ಇತ್ತು, ಬಿಸಿಲು ಇತ್ತು, ಮಳೆ ಇತ್ತು. ಹುಳು ಇರ್ಲಿಲ್ಲ.

ಅವಳು ಹತ್ತೋನ ಕಡೆ ತಿರುಗಿದಳು. “ಒಂದೂ ಇಲ್ಲದಿದ್ರೂ ಐದು ಅಂತ ಯಾಕೆ ಹೇಳಿದೆ?”

ಅವನು ನೆಲ ನೋಡ್ತಾ ಹೇಳಿದ: “ಎರಡು ಅಂದಾಗ ನೀವು ಬರ್ಕೊಳ್ಳಲಿಲ್ಲ ಅಕ್ಕ. ಐದು ಅಂದಾಗ ಬರ್ಕೊಂಡ್ರಿ.”

ಅವಳಿಗೆ ಕೋಪ ಬರ್ಲಿಲ್ಲ. ಆ ಕಡ್ಡಿ ಕೈಯಲ್ಲೇ ಇತ್ತು. “ನೀನು ಹೇಳಿದ್ದು, ನನ್ನ ಲೆಕ್ಕ ಎರಡನ್ನೂ ಅಕ್ಕಪಕ್ಕ ಬರೆದಿಡಬೇಕಿತ್ತು” ಅಂದಳು. “ಗಾಳಿ ತಗೊಂಡಿಲ್ಲ, ಬಿಸಿಲು ತಗೊಂಡಿಲ್ಲ ಅಂತ ನನ್ನ ಲೆಕ್ಕ ಹೇಳ್ತಿತ್ತು. ಗರಿ ಅಲ್ಲಿಲ್ಲ ಅಂತ ನಿನ್ನ ಕಣ್ಣು ಹೇಳ್ತಿತ್ತು. ಹಾಗಾದ್ರೆ ಆ ನಾಲ್ಕು ಗರಿ ಯಾರು ತಗೊಂಡ್ರು ಅಂತ ಅವತ್ತೇ ಕೇಳ್ಬೋದಿತ್ತು. ಆಗ ಇನ್ನೂ ಎರಡು ಉಳಿದಿತ್ತು.”

ಮೇಡಂ ಕತೆ ನಿಲ್ಲಿಸಿದ್ರು.

ಇಂದುಧರ ತಿರುಗಿಸ್ತಿದ್ದ ಪೆನ್ನು ಕೆಳಗಿಟ್ಟ. ಆಮೇಲೆ ಅವನ ಮುಖ ಸಡಿಲ ಆಯ್ತು.

“ಆದ್ರೆ ಮೇಡಂ, ಉಪಗ್ರಹ ಮನುಷ್ಯ ಅಲ್ವಲ್ಲ. ಬೈದ್ರೆ ಅದಕ್ಕೆ ಬೇಜಾರಾಗಲ್ಲ, ಕೆಲಸ ಹೋಗುತ್ತೆ ಅಂತ ಹೆದರಲ್ಲ. ಎರಡಿದ್ರೆ ಎರಡು ಅಂತಾನೇ ಹೇಳುತ್ತೆ. ಐದು ಅಂತ ಸುಳ್ಳು ಹೇಳೋಕೆ ಅದಕ್ಕೆ ಬರಲ್ಲ.”

ಮೇಡಂ ನಕ್ಷೆನ ಮೆಲ್ಲಗೆ ಅವನ ಕಡೆ ಸರಿಸಿದ್ರು.

“ಬರಲ್ಲ, ಅದಕ್ಕೇ ಅದರ ಪರವಾಗಿ ಆ ಸುಳ್ಳನ್ನ ನೀನು ಸೇರಿಸಿದ ಸಾಲು ಹೇಳ್ತಿದೆ.”