ಎರಡು ಯಂತ್ರ, ಒಂದು ತೋಡಿ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಚನ್ನಮಲ್ಲಯ್ಯ ಎಂಬ ಹಾಡುಗಾರರಿದ್ದರು. ತುಂಬ ವಯಸ್ಸಾಗಿತ್ತು. ಶಿಷ್ಯರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಬಳಿ ಒಂದು ರೆಕಾರ್ಡು ಇತ್ತು. ಅವರ ಗುರುಗಳು ಹಾಡಿದ ತೋಡಿ ರಾಗ ಅದರಲ್ಲಿತ್ತು. ಗುರುಗಳು ತೀರಿಕೊಂಡು ನಲವತ್ತು ವರ್ಷವಾಗಿತ್ತು. ಅವರ ದನಿ ಎಂದು ಉಳಿದದ್ದು ಅದೊಂದೇ ಕರಿ ತಟ್ಟೆ. ದಿನವೂ ಬೆಳಿಗ್ಗೆ ಅದನ್ನು ರೆಕಾರ್ಡು ನುಡಿಸುವ ಯಂತ್ರದ ಮೇಲೆ ಹಾಕಿ ಕೇಳಿದ ಮೇಲೆಯೇ ಅಜ್ಜಾರು ಪಾಠಕ್ಕೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಕರೆದರು.

"ಕಲ್ಮೇಶ, ಗುರುಗಳ ದನಿ ದೂರ ಹೋಗಾಕತ್ತೈತಿ. ಯಂತ್ರಕ್ಕ ಏನಾಗೈತಿ ನೋಡಪಾ."

ಕಲ್ಮೇಶ ಅವರ ಶಿಷ್ಯ. ಹಾಡುವುದಕ್ಕಿಂತ ಬಿಚ್ಚಿ ಜೋಡಿಸುವುದರಲ್ಲಿ ಅವನಿಗೆ ಆಸೆ ಹೆಚ್ಚು. ಆರು ವರ್ಷ ಕಲಿತರೂ ಅಜ್ಜಾರು ಅವನಿಗೆ ತೋಡಿಯನ್ನು ಕೊಟ್ಟಿರಲಿಲ್ಲ. ಕೊಡುವುದು ಎಂದರೆ ಎದುರು ಕೂರಿಸಿಕೊಂಡು ಬಾಯಿಂದ ಬಾಯಿಗೆ ಹೇಳಿಕೊಡುವುದು. ಕೊಡದ ಹಾಡನ್ನು ಶಿಷ್ಯ ಹಾಡುವಂತಿರಲಿಲ್ಲ, ಗುನುಗುವಂತೆಯೂ ಇರಲಿಲ್ಲ. ಹಿಂದೆ ಗುನುಗಿದವನೊಬ್ಬ ಅದೇ ದಿನ ಗಂಟು ಕಟ್ಟಿ ಆಶ್ರಮ ಬಿಡಬೇಕಾಗಿ ಬಂದಿತ್ತು.

ಕಲ್ಮೇಶ ಮೊದಲು ಯಂತ್ರದ ರಬ್ಬರ್ ಪಟ್ಟಿ ಬದಲಿಸಿದ. ಪಟ್ಟಿ ಸಡಿಲವಾದರೆ ತಟ್ಟೆ ನಿಧಾನವಾಗಿ ತಿರುಗುತ್ತದೆ, ಆಗ ಶ್ರುತಿ ಇಳಿಯುತ್ತದೆ. ತಂಬೂರಿ ಮೀಟಿ, ಶ್ರುತಿ ಕೂಡಿತೆಂದು ಖಾತ್ರಿ ಮಾಡಿಕೊಂಡ.

"ಈಗ ಹೆಂಗೈತ್ರಿ, ಅಜ್ಜಾರ?"

"ಇನ್ನೂ ದೂರ."

ಯಾರಾದರೂ ನಡೆದರೆ ನೆಲ ಅದುರುತ್ತದೆ, ನೆಲ ಅದುರಿದರೆ ತಟ್ಟೆಯ ಮೇಲಿನ ಮುಳ್ಳೂ ಅದುರುತ್ತದೆ. ಅದಕ್ಕೆ ಯಂತ್ರದ ಕೆಳಗೆ ಕಡಪ ಕಲ್ಲು ಹಾಕಿದ. ತಟ್ಟೆಯ ಕೆಳಗೆ ಕಂಬಳಿಯ ತುಂಡನ್ನು ಗುಂಡಗೆ ಕತ್ತರಿಸಿ ಹಾಸಿದ.

"ಇನ್ನೂ ದೂರ."

ಮುಳ್ಳು ಗೀರಿನಲ್ಲಿ ಗಟ್ಟಿಯಾಗಿ ಕೂರಲಿ ಎಂದು ಅದರ ತಲೆಯ ಮೇಲೆ ಹತ್ತು ಪೈಸೆಯ ಹಳೇ ನಾಣ್ಯವೊಂದನ್ನು ಅಂಟಿಸಿದ.

ಅಜ್ಜಾರು ಬಗ್ಗಿ ನೋಡಿದರು. "ಏನೋ ಇದು? ಜೀವಂತ ಇದ್ದಾಗ ರೊಕ್ಕಕ್ಕ ಹಾಡಿದವರಲ್ಲ ನಮ್ಮ ಗುರುಗಳು. ಈಗ ಹತ್ತು ಪೈಸಾಕ್ಕ ಹಾಡ್ತಾರೇನು?"

ಕಲ್ಮೇಶ ನಕ್ಕು ನಾಣ್ಯ ತೆಗೆದ. ಪಟ್ಟಣದ ಭಕ್ತರೊಬ್ಬರಿಂದ ಇನ್ನೊಂದು ಯಂತ್ರ ತರಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟ. ತಟ್ಟೆ ಒಂದೇ ಆದ್ದರಿಂದ ಅದನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಎತ್ತಿ ಹಾಕುತ್ತ, ಅದೇ ತೋಡಿಯನ್ನು ಮತ್ತೆ ಮತ್ತೆ ಕೇಳಿದ. ಹೀಗೆ ಒಂದು ತಿಂಗಳು ಕಳೆಯಿತು.

"ಇನ್ನೂ ದೂರ," ಎನ್ನುತ್ತಲೇ ಇದ್ದರು ಅಜ್ಜಾರು.

ಒಂದು ಮಧ್ಯಾಹ್ನ ಅಡುಗೆಯ ರಾಚವ್ವ ಬಾಗಿಲಲ್ಲಿ ನಿಂತು, "ಅಜ್ಜಾರ, ಊಟಕ್ಕ ಬರ್ರಿ," ಎಂದು ಕೂಗಿದಳು. ಮೂರು ಸಲ ಕೂಗಿದಳು. ಅವಳಿಗೆ ಬೆನ್ನು ಮಾಡಿ ಕೂತಿದ್ದ ಅಜ್ಜಾರು ತಿರುಗಲೇ ಇಲ್ಲ.

ಕಲ್ಮೇಶನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಕೆಟ್ಟದ್ದು ಯಂತ್ರವಲ್ಲ ಎಂದು ಅವನಿಗೆ ಗೊತ್ತಾಯಿತು.

ಹಾಡುಗಾರನಿಗೆ, ನಿಮ್ಮ ಕಿವಿ ಹೋಗುತ್ತಿದೆ ಎಂದು ಹೇಳುವುದು ಹೇಗೆ? ಅವನು ಹೇಳಲಿಲ್ಲ. ಮರುದಿನದಿಂದ ಒಂದು ಸ್ಕ್ರೂ ಬಿಚ್ಚಿ, ಅದೇ ಸ್ಕ್ರೂವನ್ನು ಅಲ್ಲಿಗೇ ಹಾಕಿ, "ಇವತ್ತು ಸರಿ ಆಗತೈತ್ರಿ," ಎನ್ನತೊಡಗಿದ.

ಕೆಲವು ದಿನ ಕಳೆದ ಮೇಲೆ ಅಜ್ಜಾರು ಅವನ ಎದುರು ಬಂದು ಕೂತರು.

"ಎರಡರಾಗ ಯಾವುದು ಚಲೋ? ಖರೆ ಹೇಳು."

ಕಲ್ಮೇಶ ಅವರ ಕಿವಿಯ ಬಳಿ ಬಾಗಿ ಗಟ್ಟಿಯಾಗಿ ಹೇಳಿದ. "ಹೊಸದರಾಗ ದನಿ ತುಂಬಿ ಬರತೈತ್ರಿ. ಆದರ ಮ್ಯಾಲಿನ ಸ್ವರಕ್ಕ ಏರೋ ಮೊದಲ ದೊಡ್ಡ ಗುರುಗಳು ಒಂದು ಉಸಿರು ತಗೋತಾರಲ್ರಿ, ಅದು ಹಳೇದರಾಗ ಮಾತ್ರ ಕೇಳತೈತಿ."

"ಉಸಿರು? ಎಲ್ಲಿ?"

"ಇಲ್ಲಿ ನೋಡ್ರಿ..." ಎಂದವನೇ ಹಾಡಿಬಿಟ್ಟ. ಒಂದು ಸಾಲು, ಒಂದು ಉಸಿರು, ಮತ್ತೆ ಮೇಲೆ.

ಹಾಡಿದ ಮೇಲೆ ತಾನೇನು ಮಾಡಿದೆ ಎಂದು ಹೊಳೆಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ಯಾರು ಕೊಟ್ರು ಇದನ್ನ ನಿನಗ?"

"ಯಾರೂ ಕೊಟ್ಟಿಲ್ರಿ. ಯಂತ್ರ ತಾಳೆ ನೋಡತಿದ್ದೆ. ಅದು ತಾನಾಗೇ ಬಂದು ಕೂತೈತಿ. ತಪ್ಪಾತ್ರಿ. ಗಂಟು ಕಟ್ಟತೇನಿ."

"ಕಟ್ಟೂವಂತಿ ತಡಿ. ಬರೇ ಸ್ಕ್ರೂ ತಿರುವಿಕೋತ ಯಾಕ ಕೂತಿದ್ದಿ ಇಷ್ಟು ದಿನ?"

ಕಲ್ಮೇಶ ಮುಂದಿದ್ದ ಸ್ಕ್ರೂವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಅವತ್ತು ರಾಚವ್ವ ಬಂದು ಬೈದ್ಲು. ಮೂರು ಸಲ ಕೂಗೇನಿ, ಅನ್ನ ಆರಿ ಹೋತು ಅಂದ್ಲು. ಯಾವ ಯಂತ್ರ ಕೆಟ್ಟೈತಿ ಅಂತ ನನಗೂ ಅವತ್ತ ತಿಳೀತು."

"ಮತ್ತ ನೀವ್ಯಾಕ ಸುಮ್ಮನಿದ್ರಿ, ಅಜ್ಜಾರ?"

"ನೀ ಅಷ್ಟು ಪ್ರೀತಿಲೆ ಸುಳ್ಳು ಹೇಳತಿದ್ದಿ. ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ."

ಅಜ್ಜಾರು ಕೈಚಾಚಿ, ಹಾಡು ಮುಗಿದರೂ ಸುಮ್ಮನೆ ತಿರುಗುತ್ತಿದ್ದ ತಟ್ಟೆಯನ್ನು ನಿಲ್ಲಿಸಿದರು.

"ಬಾ. ನನಗ ಬೆನ್ನು ಕೊಟ್ಟು ಕೂಡು. ಮೊದಲಿಂದ ಹಾಡು."

ಕಲ್ಮೇಶ ಕೂತ. ಅಜ್ಜಾರು ಅವನ ಬೆನ್ನಿಗೆ ಅಂಗೈ ಇಟ್ಟರು, ಆಮೇಲೆ ಕೆನ್ನೆ ಇಟ್ಟರು. ಅವನು ಶುರು ಮಾಡಿದ. ಮೇಲಿನ ಸ್ವರಕ್ಕೆ ಏರುವ ಮೊದಲು ಉಸಿರು ಎಳೆದಾಗ ಬೆನ್ನು ಉಬ್ಬಿತು. ಅದರ ಜೊತೆಗೆ ಅಜ್ಜಾರ ತಲೆಯೂ ಮೇಲೆದ್ದಿತು.

ಹಾಡು ಮುಗಿಯಿತು. ಅಜ್ಜಾರು ಕೆನ್ನೆ ಇಟ್ಟಲ್ಲಿ ಕಲ್ಮೇಶನ ಅಂಗಿ ಒದ್ದೆಯಾಗಿತ್ತು.

ಕಲ್ಮೇಶ ತಿರುಗದೆ, ಗಟ್ಟಿಯಾಗಿ ಕೇಳಿದ. "ಇನ್ನೂ ದೂರ ಐತೇನ್ರಿ, ಅಜ್ಜಾರ?"

ಅಜ್ಜಾರು ಕೆನ್ನೆ ತೆಗೆಯಲಿಲ್ಲ.

"ಇನ್ನೊಮ್ಮೆ ಹಾಡು," ಎಂದರು. "ಈ ಯಂತ್ರ ಒಂದನ್ನ ಮಾತ್ರ ಬಿಚ್ಚಬ್ಯಾಡೋ."